ಅಂಚಿನ ಗಿಡ ಹಣ್ಣಾಗುವ ತನಕ

ಹೋದ ವಾರ ತಂಗಿಯ ಮಗಳ ಹೊಸ ಫ್ಲ್ಯಾಟಿನ ವಾಸ್ತುಶಾಂತಿಗೆಂದು ಹಿಂಜವಾಡಿಗೆ ಹೋಗಿದ್ದೆ. ಊಟ ಮುಗಿಸಿ ಗೇಟಿನ ಹೊರಗೆ ಆಟೋಕ್ಕಾಗಿ ನಿಂತಾಗ ಪಕ್ಕದ ಖಾಲಿ ಜಾಗದಲ್ಲಿ ಜೆಸಿಬಿಯೊಂದು ಪೊದೆ ಕಿತ್ತು ಗುಡ್ಡೆ ಹಾಕುತ್ತಿತ್ತು. ಡೀಸೆಲ್ ಹೊಗೆ, ಹಸಿ ಮಣ್ಣು, ಜಜ್ಜಿದ ಎಲೆ, ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗೇಟಿನ ಕಂಬ ಹಿಡಿದು ನಿಂತೆ. ತಂಗಿ, "ಯಾಕಕ್ಕಾ, ಬಿಸಲು ತಡೀಲಿಲ್ಲೇನ?" ಅಂದಳು. ಹೌದೆಂದು ಹೇಳಿ ಆಟೋ ಹತ್ತಿದೆ. ಮನೆ ಮುಟ್ಟುವ ತನಕ ನಾಲ್ಕು ವರ್ಷದ ಹಿಂದಿನ ಆ ಶ್ರಾವಣವೇ ಕಣ್ಣ ಮುಂದೆ ಇತ್ತು.

ನಾನು ವಿಜಾಪುರದವಳು. ಮದುವೆಯಾಗಿ ಪುಣೆಯ ಖಡಕಿಗೆ ಬಂದು ಇಪ್ಪತ್ತನಾಲ್ಕು ವರ್ಷ. ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಸಹಾಯಕಿಯಾಗಿದ್ದೆ. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಹೊಲಿದು, ಹೆಸರು, ಸಿಕ್ಕ ಜಾಗ, ತಂದವರು ಯಾರು ಎಂದು ಬರೆದು ಕಪಾಟಿನಲ್ಲಿ ಇಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದ್ದೆ. ವಿಭಾಗದ ಮುಖ್ಯಸ್ಥೆ ಪ್ರಧಾನ ಮ್ಯಾಡಮ್. ತೆಳ್ಳಗಿನ ಹೆಂಗಸು, ಒಬ್ಬಂಟಿ. ಮಾತು ಕಡಿಮೆ, ನಡಿಗೆ ಜೋರು. ಗುಡ್ಡ ಹತ್ತುವಾಗ ಹುಡುಗರೇ ಹಿಂದೆ ಬೀಳುತ್ತಿದ್ದರು.

ಖಡಕಿ ಸ್ಟೇಶನ್ನಿನ ಆಚೆಯ ಗಲ್ಲಿಯಲ್ಲಿ ಒಂದು ಹಳೆಯ ಬಂಗಲೆ ಇತ್ತು. ಅದರ ಯಜಮಾನರು ಒಂದು ಕಾಲಕ್ಕೆ ಜಂಗಲ್ ಅಧಿಕಾರಿ. ಸಹ್ಯಾದ್ರಿಯ ದಟ್ಟ ಕಾಡಿನ ಅಂಚಿನಿಂದ ಒಂದು ಸಣ್ಣ ಗಿಡ ತಂದು ಹಿತ್ತಲಿನ ಬಾವಿಯ ಪಕ್ಕ, ಉತ್ತರದ ಗೋಡೆಯ ನೆರಳಿಗೆ ನೆಟ್ಟಿದ್ದರು. ಅದು ಬೆಳೆದು ಆಳೆತ್ತರದ ಪೊದೆಯಾಗಿತ್ತು. ಬೇಸಿಗೆಯಲ್ಲಿ ಸುತ್ತಲಿನದೆಲ್ಲ ಬೋಳಾದರೂ ಅದು ಮಾತ್ರ ಕಪ್ಪು ಹಸಿರು. ಚರ್ಮದಂಥ ದಪ್ಪ ಎಲೆ. ಅದಕ್ಕೆ ಲ್ಯಾಟಿನ್ ಹೆಸರು ಬಿಟ್ಟರೆ ಮರಾಠಿಯಲ್ಲೂ ಹೆಸರಿಲ್ಲ, ಕನ್ನಡದಲ್ಲೂ ಇಲ್ಲ. ನಾನು ಅದನ್ನು ಅಂಚಿನ ಗಿಡ ಅನ್ನುತ್ತಿದ್ದೆ. ಕಾಡಿನ ಒಳಗಿನ ಕತ್ತಲೆಯೂ ಅದಕ್ಕೆ ಆಗುವುದಿಲ್ಲ, ಬಯಲಿನ ಬಿಸಿಲೂ ಆಗುವುದಿಲ್ಲ. ಎರಡರ ನಡುವಿನ ಸೆರಗಿನಲ್ಲಿ ಮಾತ್ರ ಬದುಕುತ್ತದೆ. ರಸ್ತೆ ಬಂದರೆ ಮೊದಲು ಹೋಗುವುದೂ ಆ ಸೆರಗೇ. ಮ್ಯಾಡಮ್‌ಗೆ ಗೊತ್ತಿದ್ದ ಕೊನೆಯ ಜಾಗವನ್ನು ಹಿಂದಿನ ವರ್ಷ ಘಾಟಿನ ರಸ್ತೆ ಅಗಲ ಮಾಡುವಾಗ ಕೆರೆದು ಹಾಕಿದ್ದರು. ಅಲ್ಲಿಗೆ ಹೋಗಿ ಮ್ಯಾಡಮ್ ಬರಿಗೈಯಲ್ಲಿ ತಿರುಗಿ ಬಂದಿದ್ದರು. ಇನ್ನು ಉಳಿದದ್ದು ಬಂಗಲೆಯ ಈ ಗಿಡ ಒಂದೇ.

ಕೊಂಬೆ ಕತ್ತರಿಸಿ ನೆಟ್ಟರೆ ಕೊಳೆಯುತ್ತಿತ್ತು. ಬೇರುಸಹಿತ ಎತ್ತೋಣವೆಂದರೆ ಬೇರು ಬಾವಿಯ ಕಟ್ಟೆಯ ಕೆಳಗೆ ಹೊಕ್ಕಿತ್ತು. ಉಳಿದದ್ದು ಬೀಜ ಒಂದೇ. ಆದರೆ ಅದು ಹೂ ಬಿಟ್ಟರೂ ಕಾಯಿ ಕಟ್ಟುವುದು ಎಷ್ಟೋ ವರ್ಷಕ್ಕೊಮ್ಮೆ. ಆ ಮಳೆಗಾಲ ಕಾಯಿ ಕಟ್ಟಿತು. ನಾನೇ ಎಣಿಸಿದೆ, ನಲವತ್ತಮೂರು. ಬಾರಿಕಾಯಿ, ಅಂದರೆ ಬೋರೆಹಣ್ಣಿನ ಗಾತ್ರ, ಒಂದಕ್ಕೊಂದೇ ಬೀಜ. ಹಸಿರು ಹೋಗಿ ಹಳದಿಯಾಗಿ, ಹಳದಿ ಹೋಗಿ ಇಟ್ಟಂಗಿ ಕೆಂಪಾಗಬೇಕು. ಅದಕ್ಕೂ ಮೊದಲು ಕಿತ್ತರೆ ಬೀಜ ಮೊಳೆಯುವುದಿಲ್ಲ. ಕಿತ್ತ ಮೇಲೆ ಮೂರು ದಿನಕ್ಕಿಂತ ಹೆಚ್ಚು ಇಟ್ಟರೆ ಒಣಗಿ ಸಾಯುತ್ತದೆ.

ಅಷ್ಟರಲ್ಲಿ ಯಜಮಾನರ ಮಕ್ಕಳು ಬಂಗಲೆ ಮಾರಿದ್ದರು. ಗಣಪತಿ ಹಬ್ಬ ಮುಗಿಯುವ ತನಕ ಹಿತ್ತಲು ಮುಟ್ಟುವುದಿಲ್ಲವೆಂದು ಕೊಂಡವರು ಮ್ಯಾಡಮ್‌ಗೆ ಬಾಯಿಮಾತಿನಲ್ಲಿ ಹೇಳಿದ್ದರು. ಆ ಧೈರ್ಯದಲ್ಲಿ ನಾವಿಬ್ಬರೂ ದಿನ ಬಿಟ್ಟು ದಿನ ಹೋಗಿ ನೋಡಿ ಬರುತ್ತಿದ್ದೆವು. ಒಂದು ಸಂಜೆ ಬಾವಿಕಟ್ಟೆಯ ಪಾಚಿಯ ಮೇಲೆ ಮ್ಯಾಡಮ್ ಜಾರಿ ಬಿದ್ದು ಕಾಲು ಮುರಿದುಕೊಂಡರು. ಆಪರೇಶನ್ ಆಗಿ ಆಸ್ಪತ್ರೆಯಲ್ಲಿ ಮಲಗಿದರು. ಮರುದಿನದಿಂದ ಸಂಜೆ ಐದಕ್ಕೆ ಸರಿಯಾಗಿ ಫೋನ್ ಬರತೊಡಗಿತು. ಬೇರೆ ಮಾತೇ ಇಲ್ಲ. "ಪಿಕಲಂ ಕಾ, ಗಿರಿಜಾ?" ಹಣ್ಣಾಯಿತೇ? "ಅಜೂನ್ ನಾಹೀ, ಮ್ಯಾಡಮ್." ಇನ್ನೂ ಇಲ್ಲ. ಅಷ್ಟೇ.

ಅದಾಗಿ ನಾಲ್ಕನೇ ದಿನ, ಮಂಗಳವಾರ ಬೆಳಿಗ್ಗೆ, ಹೋಗಿ ನೋಡಿದರೆ ಬಂಗಲೆಯ ಗೇಟು ಬಿಚ್ಚಿ ಕೆಳಗಿಟ್ಟಿದ್ದಾರೆ. ಅಂಗಳದಲ್ಲಿ ಜೆಸಿಬಿ ನಿಂತಿದೆ, ಬೇಲಿಗೆ ಹತ್ತಿಕೊಂಡು ಹೊಸ ತಗಡಿನ ಶೆಡ್ ಎದ್ದಿದೆ. ಮಳೆ ಎರಡು ದಿನ ಬಿಡುವು ಕೊಟ್ಟದ್ದೇ ನೆವ, ಕೆಲಸ ಮುಂಚೆಯೇ ಶುರುವಾಗಿತ್ತು. ಎತ್ತರದ, ಕಪ್ಪು ಮೈಯ ಮನುಷ್ಯನೊಬ್ಬ ಫೋನಿನಲ್ಲಿ ಮರಾಠಿಯಲ್ಲಿ "ಹೋ ಸಾಹೇಬ, ಹೋ ಸಾಹೇಬ" ಅನ್ನುತ್ತಿದ್ದ. ಫೋನ್ ಕಿಸೆಗೆ ಹಾಕಿ, ತನ್ನಷ್ಟಕ್ಕೆ ತಾನೇ, "ಇವನೌನ, ಮಾತಿಗೊಮ್ಮೆ ಅರ್ಜೆಂಟ್ ಅಂತಾನ!" ಅಂದ.

ನನಗೆ ಜೀವ ಬಂದಂತಾಯಿತು. "ಅಣ್ಣಾರ, ವಿಜಾಪುರ ಕಡ್ಯಾವರೇನ್ರಿ?"

ಅವನು ಗಾಬರಿಯಾಗಿ ತಿರುಗಿದ. ಬೈಗುಳ ಕೇಳಿಸಿಬಿಟ್ಟಿತಲ್ಲ ಎಂದು ನಾಚಿಕೊಂಡ. "ಹೌದ್ರೀ ಅಕ್ಕಾರ, ಇಂಡಿ ತಾಲೂಕ. ನೀವು?"

ಅವನ ಹೆಸರು ಬಸವರಾಜ. ಗೌಂಡಿಯಾಗಿ ಇಟ್ಟಂಗಿ, ಗಾರೆ ಕೆಲಸಕ್ಕೆಂದು ಪುಣೆಗೆ ಬಂದು, ಹನ್ನೆರಡು ವರ್ಷದಲ್ಲಿ ಸುಪರ್ವೈಸರ್ ಆಗಿದ್ದ. ಆ ಸೈಟು ಪೂರ್ತಿ ಅವನ ಕೈಗೆ ಬಂದದ್ದು ಅದೇ ಮೊದಲು. ಹೆಂಡತಿ ಶಾಂತವ್ವ ಶೆಡ್ಡಿನ ಬಾಗಿಲಲ್ಲಿ ನಿಂತು ನಮ್ಮ ಮಾತು ಕೇಳುತ್ತಿದ್ದಳು. ಇಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದೆ. ಹಣ್ಣಾಗಲು ಇನ್ನೂ ಎರಡು ವಾರ ಬೇಕು ಅಂದೆ.

"ಎರಡು ವಾರ ಅಂದ್ರ ಆಗಂಗಿಲ್ರಿ," ಬಸವರಾಜ ತಲೆ ಕೆರೆದುಕೊಂಡ. "ಈ ಮೂಲಿ ಬಿಟ್ಟು ಮೊದಲ ಆ ಕಡೆ ಗ್ವಾಡಿ ಕೆಡವ್ತೀವಿ. ಶನಿವಾರ ತನಕ ಹೆಂಗರ ಸಾಗಸ್ತೀನಿ. ಅದರ ಮ್ಯಾಲ ಇಂಜಿನಿಯರ್ ಸಾಹೇಬ ಕೇಳಂಗಿಲ್ಲ."

ನಾಲ್ಕು ದಿನ ಸಿಕ್ಕಿತು. ಆ ನಾಲ್ಕು ದಿನ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದೆ. ಉದ್ಯಾನ ವಿಭಾಗದಲ್ಲಿ ಒಬ್ಬರು ಎಲ್ಲ ಸಮಾಧಾನದಿಂದ ಕೇಳಿ, "ಝಾಡ ಅಸೇಲ ತರ ಅರ್ಜ ದ್ಯಾ. ಝುಡಪಾಲಾ ಕಾಯದಾ ನಾಹೀ, ತಾಈ," ಅಂದರು. ಮರವಾದರೆ ಅರ್ಜಿ ಕೊಡಿ, ಪೊದೆಗೆ ಕಾಯಿದೆ ಇಲ್ಲ. ಇಂಜಿನಿಯರಿಗೆ ಮೂರು ಸಲ ಫೋನ್ ಮಾಡಿದೆ. ಮೊದಲ ಸಲ ನಕ್ಕರು, ಎರಡನೇ ಸಲ ಮೀಟಿಂಗಿನಲ್ಲಿದ್ದೇನೆ ಅಂದರು, ಮೂರನೇ ಸಲ ಎತ್ತಲಿಲ್ಲ. ಪ್ರಾಚಾರ್ಯರು ಊರಲ್ಲಿರಲಿಲ್ಲ. ಮ್ಯಾಡಮ್‌ಗೆ ಮಷೀನ್ ಬಂದ ಸುದ್ದಿಯನ್ನೇ ಹೇಳಿರಲಿಲ್ಲ. ಕೇಳಿದರೆ ಮುರಿದ ಕಾಲಿನಲ್ಲೇ ಎದ್ದು ಬರುವ ಹೆಂಗಸು ಅದು.

ಶುಕ್ರವಾರ ಮಧ್ಯಾಹ್ನ ವಿಭಾಗದಲ್ಲಿ ಯಾರೂ ಇರಲಿಲ್ಲ. ಹೊರಗೆ ಮತ್ತೆ ಮಳೆ ಹಿಡಿದಿತ್ತು. ಕಂಪ್ಯೂಟರ್ ಮುಂದೆ ಕೂತು ಕಾಲೇಜಿನ ಲೆಟರ್‌ಹೆಡ್ಡಿನ ಮೇಲೆ ಒಂದು ಪತ್ರ ಬರೆದೆ. ಈ ಗಿಡ ಕಾಯಿದೆಯ ಪ್ರಕಾರ ಸಂರಕ್ಷಿತವಾದದ್ದು, ಪರವಾನಗಿ ಇಲ್ಲದೆ ಕಿತ್ತವರಿಗೆ ಜೇಲು ಆಗಬಹುದು, ಎಂದು. ಡ್ರಾವರಿನಿಂದ ವಿಭಾಗದ ಶಿಕ್ಕಾ ತೆಗೆದು ಒತ್ತಿದೆ. ಮ್ಯಾಡಮ್ ಸಹಿಯನ್ನು ಹತ್ತೊಂಬತ್ತು ವರ್ಷದಿಂದ ದಿನಾ ನೋಡಿದ್ದೆ. ಅದನ್ನೇ ಕೆಳಗೆ ಬರೆದೆ. ಶಿಕ್ಕಾ ಒರೆಸಿ ತಿರುಗಿ ಡ್ರಾವರಿನಲ್ಲಿ ಇಟ್ಟೆ. ಮನೆಯಲ್ಲಿ ಇವರಿಗೂ ಹೇಳಲಿಲ್ಲ.

ಶನಿವಾರ ಬಸವರಾಜ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓದಿದ. ಶಿಕ್ಕಾದ ಮೇಲೆ ಬೆರಳಾಡಿಸಿದ. ಅವನ ಮುಖದಲ್ಲಿ ಒಂಥರಾ ನಿರಾಳ ಬಂತು. "ಇದು ಛಲೋ ಆತು ನೋಡ್ರಿ. ಈಗ ಸಾಹೇಬಗ ತೋರ್ಸಾಕ ನನ್ನ ಕೈಯಾಗ ಏನರ ಅದ." ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಗಿನ ಕಿಸೆಗೆ ಇಟ್ಟುಕೊಂಡ.

ಆ ರಾತ್ರಿಯ ಜಡಿಮಳೆಗೆ ಒಂಬತ್ತು ಕಾಯಿ ಉದುರಿದವು. ಬೆಳಿಗ್ಗೆ ಹೋದಾಗ ಶಾಂತವ್ವ ಅವನ್ನು ಒಂದು ತಟ್ಟೆಯಲ್ಲಿ ಇಟ್ಟುಕೊಂಡು ನನ್ನ ದಾರಿ ಕಾಯುತ್ತಿದ್ದಳು, ತಪ್ಪು ತನ್ನದೇ ಅನ್ನುವ ಹಾಗೆ. ಮುಂದೆ ಎರಡು ದಿನದಲ್ಲಿ ಬುಲ್‌ಬುಲ್ ಹಕ್ಕಿಗಳು ಆರು ಕಾಯಿ ಕುಕ್ಕಿ ಕೆಡಿಸಿದವು. ಆಗ ಅವಳು ತನ್ನ ಹಳೆಯ ನೈಲಾನ್ ಸೀರೆಯೊಂದನ್ನು ಹರಿದು, ಗೊಂಚಲು ಗೊಂಚಲಿಗೂ ಸಡಿಲಾಗಿ ಗಂಟು ಹಾಕಿದಳು. "ಗಾಳಿ ಆಡಬೇಕ್ರಿ, ಬಿಗಿ ಕಟ್ಟಿದ್ರ ಕೊಳೀತಾವ," ಅಂದಳು. ಉಳಿದದ್ದು ಇಪ್ಪತ್ತೆಂಟು. ಮಂಗಳವಾರ ಒಂದು ಕಾಯಿಯ ಮೂತಿಯಲ್ಲಿ ಹಳದಿ ಕಂಡಿತು. ಸಂಜೆ ಫೋನಿನಲ್ಲಿ ಹೇಳಿದಾಗ ಮ್ಯಾಡಮ್ ಒಂದು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಗುರುವಾರ ಇಂಜಿನಿಯರ್ ಬಂದರು. ನಾನು ಬಾವಿಯ ಹಿಂದೆ ಇದ್ದೆ, ಅವರಿಗೆ ಕಾಣಲಿಲ್ಲ. ಬಸವರಾಜ ಮರಾಠಿಯಲ್ಲಿ ಹೇಳುತ್ತಿದ್ದುದು ಒಂದೊಂದು ಮಾತೂ ಕೇಳಿಸಿತು. ಸರಕಾರಿ ಕಾಗದ ಬಂದಿದೆ ಸಾಹೇಬ, ನೀವು ಬರೆದುಕೊಟ್ಟರೆ ತೆಗೆಸುತ್ತೇನೆ, ಬಾಯಿಮಾತಿನ ಮೇಲೆ ತೆಗೆಸಿ ನಾನು ಜೇಲಿಗೆ ಹೋಗಲೇ? ಇಂಜಿನಿಯರ್ ಪತ್ರದ ಫೋಟೋ ಹೊಡೆದುಕೊಂಡು, ವಿಚಾರಿಸುತ್ತೇನೆ ತಡಿ ಎಂದು ಹೋದರು.

ಅವರ ಗಾಡಿ ಮರೆಯಾದ ಮೇಲೆ ಬಸವರಾಜ ಹಿತ್ತಲಿಗೆ ಬಂದ. ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಶಾಂತವ್ವ ಅಲ್ಲೇ ಗಂಟು ಸರಿ ಮಾಡುತ್ತ ಕೂತಿದ್ದಳು.

"ಅಕ್ಕಾರ, ಒಂದ ಮಾತು. ಆ ಕಾಗದ ಖರೇ ಅದ ಹೌದಲ್ರಿ?"

ಅವನ ದನಿಯಲ್ಲಿ ಅನುಮಾನ ಇರಲಿಲ್ಲ. ನಾನು ಹೌದು ಅಂದರೆ ಸಾಕು, ಅವನು ನೆಮ್ಮದಿಯಿಂದ ಕೆಲಸಕ್ಕೆ ಹೋಗುತ್ತಿದ್ದ. ಹೇಳಿಬಿಡೋಣ ಅನಿಸಿತು. ಆದರೆ ಕಣ್ಣು ಗೊಂಚಲಿನ ಮೇಲೆ ಹೋಯಿತು. ಎಂಟು ಹಳದಿಯಾಗಿದ್ದವು. ಕೆಂಪು ಒಂದೂ ಇರಲಿಲ್ಲ.

"ಖರೇ ಅದರಿ," ಅಂದೆ.

"ಆತು ಮತ್ತ," ಅಂದ. ಹೋದ.

ಶುಕ್ರವಾರ, ಶನಿವಾರ, ರವಿವಾರ. ಫೋನ್ ಸದ್ದಾದರೆ ಮೊದಲು ನಂಬರು ನೋಡಿ ಎತ್ತುತ್ತಿದ್ದೆ. ಪ್ರಾಚಾರ್ಯರ ಕೋಣೆಯ ಮುಂದೆ ಹಾಯುವಾಗ ಯಾರಾದರೂ ಕರೆಯುತ್ತಾರೆಂದು ಕಿವಿ ನಿಮಿರುತ್ತಿತ್ತು. ರವಿವಾರ ಸಂಜೆಗೆ ಹನ್ನೆರಡು ಕಾಯಿ ಕೆಂಪಗಾದವು. ಅವನ್ನು ಕಿತ್ತುಬಿಡಬಹುದಿತ್ತು. ಹಗುರವಾಗಿ ಮುಟ್ಟಿ ನೋಡಿದೆ, ತೊಟ್ಟು ಇನ್ನೂ ಬಿಗಿಯಾಗಿತ್ತು. ತಾನಾಗಿ ಕಳಚಿ ಬರಬೇಕು ಅಂತ ಮ್ಯಾಡಮ್ ಹೇಳಿದ್ದರು. ನಾಳೆ ಅಂದುಕೊಂಡು ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಗಲ್ಲಿಯ ತಿರುವಿನಲ್ಲಿಯೇ ಮಷೀನಿನ ಸದ್ದು ಕೇಳಿತು. ಓಡಿದೆ. ಅಂಗಳದಲ್ಲಿ ಇಂಜಿನಿಯರ್ ನಿಂತು ಬಸವರಾಜನಿಗೆ ಹತ್ತು ಜನರ ಮುಂದೆ ಬೈಯುತ್ತಿದ್ದರು. ಪೊದೆಗೆ ಅಂಥ ಕಾಯಿದೆಯೇ ಇಲ್ಲವಂತೆ, ವಿಚಾರಿಸಿ ಬಂದಿದ್ದರು. ಎಷ್ಟು ತಿಂದೆ, ಯಾರ ಹತ್ತಿರ ತಿಂದೆ, ಇವತ್ತೇ ಶೆಡ್ ಖಾಲಿ ಮಾಡು. ಬಸವರಾಜ ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದ.

ನಾನು ಬಾಯಿ ತೆರೆಯಬೇಕಿತ್ತು. ಆ ಹೊತ್ತಿಗೆ ಜೆಸಿಬಿ ಹಿತ್ತಲಿಗೆ ತಿರುಗಿತು, ನಾನು ಅದರ ಹಿಂದೆ ಓಡಿದೆ. ಬಕೆಟ್ ಒಮ್ಮೆ ಇಳಿಯಿತು, ಒಮ್ಮೆ ಎದ್ದಿತು. ಅರವತ್ತು ವರ್ಷದ ಗಿಡ ಬುಡಸಮೇತ ಮೇಲೆ ಬಂದು, ಬಾವಿಕಟ್ಟೆಯ ಕಲ್ಲಿನ ಜೊತೆ ಪಕ್ಕಕ್ಕೆ ಬಿತ್ತು. ಚಕ್ರ ಅದರ ಮೇಲೆ ಹಾಯಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಮಣ್ಣಿನಲ್ಲಿ ಮಂಡಿಯೂರಿ ಕೊಂಬೆ ಕೆದಕಿದೆ. ಸೀರೆಯ ತುಂಡುಗಳು ಒಂದೂ ಇರಲಿಲ್ಲ, ಹಣ್ಣೂ ಇರಲಿಲ್ಲ.

"ಅಲ್ಲಿ ಏನೂ ಇಲ್ರಿ."

ಶಾಂತವ್ವ ಹಿಂದೆ ನಿಂತಿದ್ದಳು. ಕೈಯಲ್ಲಿ ಸ್ಟೀಲಿನ ಡಬ್ಬಿ. ಬೆಳಕು ಹರಿಯುವಾಗ ಡ್ರೈವರ್ ಡೀಸೆಲ್ ತುಂಬಿಸುವುದನ್ನು ನೋಡಿಯೇ ಅವಳಿಗೆ ತಿಳಿದಿತ್ತಂತೆ. ಎಲ್ಲ ಬಿಡಿಸಿಕೊಂಡು, ಹಸಿ ಬಟ್ಟೆ ಹಾಸಿ, ಕೆಂಪಿನವು ಬೇರೆ, ಹಸಿರಿನವು ಬೇರೆ ಮಾಡಿ ಇಟ್ಟಿದ್ದಳು. ಕೊನೆಯ ರಾತ್ರಿಯಲ್ಲಿ ಮತ್ತಷ್ಟು ಹಣ್ಣಾಗಿದ್ದವು.

"ಹತ್ತೊಂಬತ್ತು ಅದಾವ ಹಣ್ಣು. ಎಣಿಸ್ಕೋರಿ," ಅಂದಳು. ಡಬ್ಬಿ ನನ್ನ ಕೈಗಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಖರೇ ಹೇಳಿದ್ರೂ ಕಾಯ್ತಿದ್ವಿ ಅಕ್ಕಾರ. ನೀವು ಹೇಳಲಿಲ್ಲ."

ಡಬ್ಬಿಯನ್ನು ಎದೆಗವಚಿಕೊಂಡು ಎದ್ದೆ.

ಹೊರಗೆ ಬರುವಾಗ ಬಸವರಾಜ ಶೆಡ್ಡಿನ ತಗಡಿಗೆ ಒರಗಿಸಿದ್ದ ಮಂಚ ಕಟ್ಟುತ್ತಿದ್ದ. ನನ್ನನ್ನು ಕಂಡು ಅಂಗಿಯ ಕಿಸೆಯಿಂದ ಆ ಪ್ಲಾಸ್ಟಿಕ್ ಚೀಲ ತೆಗೆದ. "ತಗೋರಿ. ಫೋಟೋ ಸಾಲಂಗಿಲ್ಲ ಅಂತ ಸಾಹೇಬ ಒರಿಜಿನಲ್ ಕೇಳಿದ, ನಿಮ್ಮ ಕಾಲೇಜಿಗೆ ಒಯ್ತೀನಿ ಅಂದ. ಮಳ್ಯಾಗ ಹಾಳಾತು ಅಂತ ಹೇಳೀನಿ." ಅಷ್ಟು ಹೇಳಿ ಹಗ್ಗ ಎಳೆಯತೊಡಗಿದ. ಅವನು ಸಿಟ್ಟು ಮಾಡಿದ್ದರೆ ನನಗೆ ಸಲೀಸಾಗುತ್ತಿತ್ತು.

ನೆಟ್ಟಗೆ ಆಸ್ಪತ್ರೆಗೆ ಹೋದೆ. ಡಬ್ಬಿ ಮತ್ತು ಪತ್ರ ಎರಡನ್ನೂ ಮ್ಯಾಡಮ್ ಹಾಸಿಗೆಯ ಮೇಲಿಟ್ಟು ಎಲ್ಲ ಹೇಳಿದೆ. ಅವರು ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮರಾಠಿಯಲ್ಲಿ, "ಮೊದಲು ಬೀಜ ಹಾಕು, ಇವತ್ತೇ. ನಾಳೆ ಪ್ರಾಚಾರ್ಯರಿಗೆ ಬರೆದುಕೊಡು. ನೀನು ಕೊಡದಿದ್ದರೆ ನಾನು ಕೊಡುತ್ತೇನೆ," ಅಂದರು. ನಾನು ಎದ್ದಾಗ, "ಆ ಮನುಷ್ಯ ಎಲ್ಲಿದ್ದಾನೆ ಈಗ?" ಎಂದು ಕೇಳಿದರು. ಗೊತ್ತಿಲ್ಲ ಅಂದೆ. "ಹುಡುಕು."

ಬೀಜ ಹಾಕಿದೆ. ಬರೆದುಕೊಟ್ಟೆ. ವಿಚಾರಣೆ ಆಯಿತು. ಕೆಲಸದಿಂದ ತೆಗೆಯಲಿಲ್ಲ, ವಿಭಾಗದಿಂದ ತೆಗೆದರು. ಕೀಲಿಕೈ ಒಪ್ಪಿಸಿ ಪ್ರವೇಶ ಅರ್ಜಿಗಳ ಕೌಂಟರಿನಲ್ಲಿ ಕೂತೆ. ಕಟ್ಟಡ ಕಂಪನಿಯ ಕಚೇರಿಗೂ ಹೋಗಿ, ಪತ್ರ ಬರೆದವಳು ನಾನು, ಅವನಿಗೆ ಏನೂ ಗೊತ್ತಿರಲಿಲ್ಲ ಎಂದು ಇಂಜಿನಿಯರ್ ಎದುರು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆ ಜಾಗಕ್ಕೆ ಬೇರೆಯವನು ಬಂದಾಯಿತಲ್ಲ ಅಂದರು. ಬಸವರಾಜನ ಹಳೆಯ ಫೋನ್ ನಂಬರು ಬಂದ್ ಆಗಿತ್ತು. ರವಿವಾರಕ್ಕೊಮ್ಮೆ ಬಸ್ಸು ಹಿಡಿದು ಎಲ್ಲೆಲ್ಲಿ ಕಟ್ಟಡ ಏಳುತ್ತಿತ್ತೋ ಅಲ್ಲೆಲ್ಲ ಇಂಡಿ ಕಡೆಯವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತ ತಿರುಗಿದೆ. ಇರುತ್ತಿದ್ದರು, ಬಸವರಾಜ ಇರುತ್ತಿರಲಿಲ್ಲ.

ನಾಲ್ಕು ತಿಂಗಳು ವಿಭಾಗದ ಅಂಗಳದ ಕುಂಡಗಳಲ್ಲಿ ಬರೀ ಮಣ್ಣು. ಮ್ಯಾಡಮ್ ಕೋಲೂರಿಕೊಂಡು ದಿನಾ ಬಂದು ನೋಡಿ ಹೋಗುತ್ತಿದ್ದರು. ಸಂಕ್ರಾಂತಿ ಆದ ಮೇಲೆ ಒಂದು ದಿನ ನನ್ನ ಕೌಂಟರಿಗೆ ಬಂದು, ಸಾಲಿನಲ್ಲಿ ನಿಂತ ಹುಡುಗರ ತಲೆಯ ಮೇಲಿಂದ, "ಗಿರಿಜಾ, ಸಾತ!" ಎಂದು ಕೂಗಿದರು. ಏಳು ಮೊಳಕೆ. ವಿಭಾಗದ ದಾಖಲೆ ಪುಸ್ತಕ ತಂದು ನನ್ನ ಮುಂದಿಟ್ಟು, ಅಕ್ಷರ ನಿನ್ನದೇ ಇರಲಿ ಅಂದರು. ಗಿಡದ ಹೆಸರು, ಜಾಗ ಬರೆದೆ. ತಂದವರು ಎನ್ನುವ ಕಡೆ ನಾನು ಶಾಂತವ್ವನ ಹೆಸರು, ಅವಳ ಗಂಡನ ಹೆಸರು, ಒಮ್ಮೆ ಅವಳ ಬಾಯಲ್ಲಿ ಕೇಳಿದ್ದ ಊರು ಬರೆದಾಗ ಮ್ಯಾಡಮ್ ಓದಿ ಸುಮ್ಮನೆ ತಲೆಯಾಡಿಸಿದರು. ಅದರ ಫೋಟೋ ಹೊಡೆದುಕೊಂಡೆ.

ಮುಂದಿನ ತಿಂಗಳು ಖರಾಡಿಯ ಒಂದು ಸೈಟಿನಲ್ಲಿ ಅವರು ಸಿಕ್ಕರು. ಬಸವರಾಜ ಅಲ್ಲಿ ಸುಪರ್ವೈಸರ್ ಅಲ್ಲ, ಮತ್ತೆ ಗೌಂಡಿ. ಮಧ್ಯಾಹ್ನದ ಊಟದ ಹೊತ್ತು, ಮೊಣಕೈ ತನಕ ಸಿಮೆಂಟ್ ಮೆತ್ತಿತ್ತು. ನನ್ನನ್ನು ನೋಡಿ ಎದ್ದು ನಿಂತ, ಆದರೆ ಕೂಡ್ರಿ ಅನ್ನಲಿಲ್ಲ. ತಪ್ಪಾಯಿತು ಎಂದೆ. ಇಂಜಿನಿಯರ್ ಹತ್ತಿರ ಹೋಗಿದ್ದು, ಕಾಲೇಜಿನಲ್ಲಿ ಬರೆದುಕೊಟ್ಟದ್ದು ಎಲ್ಲ ಹೇಳಿದೆ. ಅವನು ಕೊನೆತನಕ ಕೇಳಿದ.

"ನಿಮ್ಮ ನೌಕರಿ ಉಳೀತಲ್ರಿ?" ಅಂದ.

"ಉಳೀತ್ರಿ."

"ಹ್ಞಾಂ," ಅಂದ. ಕೈಗೆ ಮೆತ್ತಿದ ಸಿಮೆಂಟ್ ಕೆರೆಯತೊಡಗಿದ. ಎಲ್ಲೋ ಕಲ್ಲು ಕೊಯ್ಯುವ ಮಷೀನ್ ಕಿರುಚುತ್ತಿತ್ತು. ತಿರುಗಿ ಹೋಗೋಣವೆಂದುಕೊಂಡೆ. ಆಗ ರೊಟ್ಟಿಯ ಬುಟ್ಟಿ ಮುಚ್ಚುತ್ತಿದ್ದ ಶಾಂತವ್ವ, "ಎಷ್ಟು ಹುಟ್ಟಿದವ್ರಿ?" ಎಂದು ಕೇಳಿದಳು.

"ಏಳು."

"ಹತ್ತೊಂಬತ್ತರಾಗ ಏಳ ಏನ್ರಿ?" ಅವಳ ಮುಖ ಸಣ್ಣದಾಯಿತು. ಫೋನ್ ತೆಗೆದು ಸಸಿಗಳ ಚಿತ್ರ ತೋರಿಸಿದೆ. ಒಂದೊಂದಕ್ಕೂ ಎರಡೆರಡು ಎಲೆ. ಅವಳು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಮುಂದಿನ ಚಿತ್ರ ದಾಖಲೆಯದು. ಇದರಲ್ಲಿ ನಿಮ್ಮ ಹೆಸರು ಬರೆದಿದ್ದೇನೆ, ಈ ಗಿಡದ ಬೀಜ ಉಳಿಸಿ ತಂದವರು ನೀವು ಅಂತ, ಎಂದು ಹೇಳಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಗಂಡನ ಕಡೆ ಫೋನ್ ಹಿಡಿದಳು. "ನೀವ ಓದ್ರಿ. ಈ ಸಲ ಏನ ಬರದಾರ ನೋಡ್ರಿ."

ಬಸವರಾಜ ಕೈಯನ್ನು ಲುಂಗಿಗೆ ಒರೆಸಿಕೊಂಡು ಫೋನ್ ತಗೊಂಡ. ಒಂದೊಂದೇ ಅಕ್ಷರ ಕೂಡಿಸಿ ನಿಧಾನವಾಗಿ ಓದಿದ. ಎರಡನೇ ಸಲ ಓದಿದ.

"ಊರ ತಪ್ಪ ಬರದೀರಿ," ಅಂದ. "ನಮ್ಮದು ಚಿಕ್ಕಬೇವೂರ ಅಲ್ಲ, ಹಿರೇಬೇವೂರ."

"ತಿದ್ದತೀನ್ರಿ."

"ತಿದ್ದಿ ಬಂದು ತೋರಸ್ರಿ." ಫೋನ್ ನನ್ನ ಕೈಗೆ ಕೊಟ್ಟ. ಸಿಮೆಂಟಿನ ಬಾಣಲಿ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ. "ಅವತ್ತ ಚಹಾ ಕುಡಿಯೂಣು."

ಸೋಮವಾರ ತಿದ್ದಿದೆ. ಮುಂದಿನ ರವಿವಾರ ಖರಾಡಿಯ ಬಸ್ಸು ಹಿಡಿದೆ.